ಮದುವೆ ಒಂದು ದೇಶದಲ್ಲಿ, ಆಸೆ ನಾಲ್ಕು ದೇಶದ್ದು, ವೀಸಾ ಯಾವುದರದ್ದು?

ತಂಗಿಯ ಮಗಳ ಮದುವೆ. ಹುಡುಗ ಆಸ್ಟ್ರಿಯಾದವನು, ಮದುವೆ ಸಾಲ್ಸ್‌ಬರ್ಗ್‌ನಲ್ಲಿ. ಖುಷಿಯ ವಿಷಯವೇ, ಇಲ್ಲ ಅನ್ನುವುದಿಲ್ಲ. ಹುಡುಗನೂ ಒಳ್ಳೆಯವನು, ಊರಿಗೆ ಬಂದಾಗ ಬೆಣ್ಣೆದೋಸೆ ಸಾಕು ಅನ್ನಲೇ ಇಲ್ಲ. ಆದರೆ "ದೊಡ್ಡಮ್ಮ, ಟಿಕೆಟ್ ತಗೊಂಡು ಬಂದ್ಬಿಡಿ, ಇನ್ನೇನಿದೆ" ಅಂದಳಲ್ಲ ನಮ್ಮ ಹುಡುಗಿ, ಆ ಮಾತು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ. ಅವಳು ಮ್ಯೂನಿಕ್‌ನಲ್ಲಿದ್ದಾಳೆ. ಅಲ್ಲಿಂದ ಸಾಲ್ಸ್‌ಬರ್ಗ್‌ಗೆ ರೈಲು ಹತ್ತಿದರೆ ಎರಡು ಗಂಟೆಯೊಳಗೆ ಇಳಿಯುತ್ತಾಳೆ. ನಾವು ದಾವಣಗೆರೆಯಿಂದ ಬೆಂಗಳೂರಿನ ವೀಸಾ ಕೇಂದ್ರಕ್ಕೆ ಬೆರಳು ಒತ್ತಿ ಬರುವುದಕ್ಕೇ ಅದರ ಎರಡರಷ್ಟು ಹೊತ್ತು ಬೇಕು.

ಹೊರಟಿರುವವರು ಆರು ಜನ. ನಾನು, ನಮ್ಮ ಮನೆಯವರು, ಮಗ, ಅಣ್ಣ, ಅತ್ತಿಗೆ, ಅಮ್ಮ. ಯಾರೂ ಯುರೋಪ್ ನೋಡಿದವರಲ್ಲ. ಹಾಗಾಗಿ "ಹೋಗೋದೇ ಹೋಗ್ತೀವಿ" ಅನ್ನೋ ಮಾತು ಶುರುವಾಯಿತು ನೋಡಿ, ಅಲ್ಲಿಂದ ನನ್ನ ನಿದ್ದೆ ಹೋಯಿತು. ಹೋಗೋದೇ ಹೋಗ್ತೀವಿ, ಸ್ವಿಟ್ಜರ್ಲೆಂಡ್ ಬಿಡೋಕಾಗುತ್ತಾ ಅಂತ ಅತ್ತಿಗೆ. ಅಣ್ಣನಿಗೆ ಐಫೆಲ್ ಟವರ್ ಕೆಳಗೆ ನಿಂತು ಫೋಟೋ ಬೇಕು. ಮಗನಿಗೆ ಮ್ಯೂನಿಕ್‌ನ ಕಾರು ಮ್ಯೂಸಿಯಂ. ನಮ್ಮ ಮನೆಯವರದ್ದು ಒಂದೇ ಬೇಡಿಕೆ: ರಜೆ ಜಾಸ್ತಿ ಇಲ್ಲ, ಬೇಗ ಮುಗಿಸು. ಅಂದರೆ ನಾನೇ ಮುಗಿಸಬೇಕು. ಇಷ್ಟರ ನಡುವೆ ಅಮ್ಮ ಮಾತ್ರ "ನಂಗೆ ಯಾವ ಬೆಟ್ಟಾನೂ ಬೇಡ, ಅಕ್ಷತೆ ಹಾಕಿ ಬಂದ್ರೆ ಸಾಕು" ಅಂದರು.

ಈಗ ವೀಸಾ ಕಥೆ ಕೇಳಿ. ಷೆಂಗೆನ್ ವೀಸಾ ಅಂದರೆ ಒಂದೇ ಮುದ್ರೆ, ಯುರೋಪಿನ 29 ದೇಶಕ್ಕೆ ನಡೆಯುತ್ತದೆ. ಕೇಳೋಕೆ ಚೆಂದ. ಅರ್ಜಿ ಮಾತ್ರ ಒಂದೇ ದೇಶಕ್ಕೆ ಹಾಕಬೇಕು. ಯಾವ ದೇಶಕ್ಕೆ? ಮೊದಲು ಇಳಿಯುವ ದೇಶಕ್ಕೆ ಅಂತ ಅರ್ಧ ಊರು ನಂಬಿಕೊಂಡಿದೆ. ಅಲ್ಲ. ನಿಮ್ಮ ಪ್ರವಾಸದ ಮುಖ್ಯ ದೇಶ ಯಾವುದೋ ಅದಕ್ಕೆ. ಮುಖ್ಯ ಅಂದರೆ ಜಾಸ್ತಿ ದಿನ ಉಳಿಯುವುದು, ಇಲ್ಲವೇ ಯಾವ ಕೆಲಸಕ್ಕೆ ಹೊರಟಿದ್ದೀರೋ ಅದು ನಡೆಯುವುದು. ಎರಡರಿಂದಲೂ ತೀರ್ಮಾನ ಆಗದಿದ್ದರೆ ಆಗ ಮೊದಲು ಕಾಲಿಡುವ ದೇಶ. ನಮ್ಮದು ಹೇಗಿದೆ ನೋಡಿ. ಬೆಂಗಳೂರಿಂದ ನಾವು ಹತ್ತುವ ವಿಮಾನ ಮ್ಯೂನಿಕ್‌ಗೆ, ಅಂದರೆ ಇಳಿಯುವುದು ಜರ್ಮನಿ. ಮದುವೆ ಆಸ್ಟ್ರಿಯಾ. ಅತ್ತಿಗೆಯ ಆಸೆ ಪೂರ್ತಿ ಮಾಡಿದರೆ ರಾತ್ರಿಗಳು ಜಾಸ್ತಿ ಸ್ವಿಟ್ಜರ್ಲೆಂಡ್‌ನಲ್ಲಿ. ವಾಪಸ್ ಹತ್ತುವುದು ಪ್ಯಾರಿಸ್.

ಅತ್ತಿಗೆ ಸ್ವಿಟ್ಜರ್ಲೆಂಡ್‌ನ ಇಂಟರ್‌ಲಾಕನ್‌ನಲ್ಲಿ "ಇನ್ನೊಂದೇ ಒಂದು ದಿನ" ಅಂದಾಗಲೆಲ್ಲ ನನ್ನ ಲೆಕ್ಕ ತಲೆಕೆಳಗು. ಒಂದು ರಾತ್ರಿ ಆಚೀಚೆ ಆದರೆ ಹೋಟೆಲ್ ಮಾತ್ರ ಅಲ್ಲ, ಅರ್ಜಿ ಹಾಕುವ ದೇಶವೇ ಬದಲು. ಇದನ್ನು ವಿವರಿಸಿದರೆ ಅವರು ನನ್ನ ಮುಖ ನೋಡಿ "ನೀನು ಸುಮ್ನೆ ಟೆನ್ಷನ್ ಮಾಡ್ಕೋತೀಯಾ" ಅಂತಾರೆ. ಅದೇ ಉಸಿರಲ್ಲಿ "ಲಂಡನ್‌ನಲ್ಲಿ ನನ್ನ ತಮ್ಮ ಇದಾನಲ್ಲ, ಪಕ್ಕದಲ್ಲೇ ಅಲ್ವಾ?" ಅಂತ ಇನ್ನೊಂದು. ಪಕ್ಕದಲ್ಲೇ ಇದೆ ಅತ್ತಿಗೆ. ಆದರೆ ಆ ದೇಶ ಷೆಂಗೆನ್‌ನಲ್ಲಿ ಇಲ್ಲ. ಅದಕ್ಕೆ ಬೇರೆ ವೀಸಾ, ಬೇರೆ ದುಡ್ಡು, ಇನ್ನೊಂದು ಸುತ್ತು ಬೆಂಗಳೂರು.

ಏಜೆಂಟರನ್ನು ಕೇಳೋಣ ಅಂತ ಹೋದರೆ ಒಬ್ಬ ರಾತ್ರಿ ಎಣಿಸಿ ಅಂದ. ಇನ್ನೊಬ್ಬ ಮದುವೆ ಕಾಗದ ಇದ್ದರೆ ರಾತ್ರಿ ಲೆಕ್ಕ ಬೇಡ ಅಂದ. ಮೂರನೆಯವನು ಕಾಫಿ ಹೀರುತ್ತಾ "ಮೇಡಂ, ಸ್ಲಾಟ್ ಸುಲಭಕ್ಕೆ ಸಿಗೋ ದೇಶಕ್ಕೆ ಹಾಕೋಣ, ಪೇಪರ್‌ನಲ್ಲಿ ಹಾಗೆ ತೋರಿಸೋಣ, ಅಲ್ಲಿ ಹೋಗಿ ಎಲ್ಲಿ ಬೇಕಾದರೂ ಸುತ್ತಿ" ಅಂದ. ಇಳಿದ ಮೇಲೆ ಅಧಿಕಾರಿ ಕೇಳಿದರೆ ಅಮ್ಮ ಏನು ಹೇಳಬೇಕು? ಅವರಿಗೆ ಸುಳ್ಳು ಹೇಳೋಕೆ ಕನ್ನಡದಲ್ಲೇ ಬರೋದಿಲ್ಲ.

ಅದಕ್ಕಿಂತ ಸಿಟ್ಟು ಬರುವುದು ಈ ಕ್ರಮದ ಮೇಲೆ. ಬಿಡ್ತಾರೋ ಇಲ್ಲವೋ ಗೊತ್ತಿಲ್ಲ, ಆದರೆ ಪ್ರವಾಸ ಮಾತ್ರ ಕಾಗದದ ಮೇಲೆ ಮುಗಿದಿರಬೇಕು. ಹೋಗೋ ಬರೋ ವಿಮಾನದ ಬುಕಿಂಗ್, ಪ್ರತಿ ರಾತ್ರಿ ಮಲಗುವ ಹೋಟೆಲ್, ಊರಿಂದ ಊರಿಗೆ ಹೇಗೆ ಹೋಗ್ತೀರಿ ಅನ್ನೋದು. 30,000 ಯೂರೋ ಮೊತ್ತದ ಆರೋಗ್ಯ ವಿಮೆ. ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ರಿಟರ್ನ್, ಸಂಬಳದ ಚೀಟಿ, ಆಫೀಸಿನಿಂದ ರಜೆ ಪತ್ರ. ವಾಪಸ್ ಬರ್ತೀವಿ ಅನ್ನೋದಕ್ಕೆ ಸಾಕ್ಷಿ ಬೇಕಂತೆ. ಮನೆ ಇಲ್ಲಿದೆ, ಪಿಂಚಣಿ ಇಲ್ಲಿದೆ, ನಾವು ಅಲ್ಲಿ ಇದ್ದು ಮಾಡೋದೇನಿದೆ?

ಟಿಕೆಟ್ ಕೊಳ್ಳಲೇಬೇಕು ಅಂತಿಲ್ಲ, ಕಾಯ್ದಿರಿಸಿದ್ದು ತೋರಿಸಿದರೂ ಆಯಿತು. ಆದರೆ ವೀಸಾ ಬರಲಿ ಅಂತ ಕಾಯುತ್ತಾ ಕೂತರೆ ವಿಮಾನದ ದರ ಕಾಯುತ್ತಾ? ರದ್ದು ಮಾಡಿದರೆ ಹಣ ವಾಪಸ್ ಕೊಡುವ ಹೋಟೆಲ್ ಬೇಕು ಅಂದರೆ ಅದಕ್ಕೂ ಜಾಸ್ತಿ ದರ. ಅರ್ಜಿಗೆ ತಲೆಗೆ 90 ಯೂರೋ. 2024ರ ಜೂನ್‌ವರೆಗೆ 80 ಇತ್ತು. ಆರು ಜನಕ್ಕೆ 540. ಮೇಲೆ ಕೇಂದ್ರದವರ ಸೇವಾ ಶುಲ್ಕ, ಎಸ್ಸೆಮ್ಮೆಸ್‌ಗೆ ಒಂದು, ಕೊರಿಯರ್‌ಗೆ ಒಂದು. ವೀಸಾ ಕೊಡದಿದ್ದರೆ ಒಂದು ಪೈಸೆಯೂ ವಾಪಸ್ ಇಲ್ಲ. ಯಾವ ವ್ಯಾಪಾರ ಸ್ವಾಮಿ ಇದು?

ಭಾರತೀಯರಿಗೆ ನಿಯಮ ಸಡಿಲಿಸಿದ್ದಾರೆ ಅಂತ ಅಣ್ಣ ಪೇಪರ್ ಕಟಿಂಗ್ ಕಳಿಸಿದ. ಹೌದು, 2024ರ ಏಪ್ರಿಲ್‌ನಲ್ಲಿ ಸಡಿಲಿಸಿದರು. ಮೂರು ವರ್ಷದೊಳಗೆ ಎರಡು ಸಲ ವೀಸಾ ತಗೊಂಡು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ್ದು ಸಿಗುತ್ತದೆ. ಮೊದಲ ಸಲ ಹೋಗುವವರಿಗೆ? ಅದೇ ಫೈಲು, ಅದೇ ಸಾಲು.

ಅಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮ ಕಡೆ ಎಷ್ಟು ಜನರದ್ದು ಹಾಗಿಲ್ಲ! ವಿಮಾನದ ಸೈಟು ಅದನ್ನು ತುಂಬದೆ ಮುಂದೆ ಬಿಡಲ್ಲ. ಕೇಂದ್ರದಲ್ಲಿ ಅವರ ಬೆರಳಚ್ಚು ಮೂಡಲಿಲ್ಲ. ಜೀವನವಿಡೀ ರುಬ್ಬಿ, ತೊಳೆದು, ತಿಕ್ಕಿ ಸವೆದ ಬೆರಳು. ಕೌಂಟರಿನ ಹುಡುಗಿ "ಒತ್ತಿ ಅಮ್ಮಾ, ಇನ್ನೂ ಗಟ್ಟಿಯಾಗಿ" ಅಂತಿದ್ದಾಳೆ, ಗಾಜಿನ ಮೇಲೆ ಕೆಂಪು ಗೆರೆ. ಒರೆಸಿದ್ದಾಯಿತು, ಸ್ಯಾನಿಟೈಸರ್ ಹಚ್ಚಿದ್ದಾಯಿತು. ಕೊನೆಗೆ ಹಣೆಗೆ ಬೆರಳು ಉಜ್ಜಿಕೊಳ್ಳಿ, ಜಿಡ್ಡು ಹತ್ತುತ್ತೆ ಅಂದರು. ಉಜ್ಜಿಕೊಂಡರು, ವಿಭೂತಿ ಪೂರ್ತಿ ಮೆತ್ತಿಕೊಂಡಿತು. ಮತ್ತೆ ಒರೆಸು. ಹಿಂದೆ ನಿಂತಿದ್ದವನು ವಾಚು ನೋಡಿಕೊಳ್ಳುತ್ತಿದ್ದ. 74 ವರ್ಷದವರಿಗೆ ಕೂರೋಕೆ ಒಂದು ಸ್ಟೂಲ್ ಹಾಕೋಕಾಗಲ್ವಾ? ಕೂರಬೇಕು ಅಂದರೆ ದುಡ್ಡು ಕಟ್ಟಿ ಲಾಂಜ್ ತಗೊಳ್ಳಿ ಅಂತ ಬೋರ್ಡು.

ಮದುವೆ ದಿನಾಂಕವೂ ಎಂಥದ್ದು ಗೊತ್ತಾ? ಸೆಪ್ಟೆಂಬರ್ ಕೊನೆಯ ವಾರ. ಪಕ್ಷಮಾಸದಲ್ಲಿ ಮದುವೆಯಾ ಅಂತ ಸೋದರತ್ತೆ ಫೋನಿಟ್ಟವರು ಇನ್ನೂ ಎತ್ತಿಲ್ಲ. ಅದು ಹೋಗಲಿ, ಅದೇ ಹೊತ್ತಿಗೆ ಮ್ಯೂನಿಕ್‌ನಲ್ಲಿ ಅಕ್ಟೋಬರ್‌ಫೆಸ್ಟ್. ಹೆಸರಲ್ಲಿ ಅಕ್ಟೋಬರ್, ಶುರುವಾಗೋದು ಸೆಪ್ಟೆಂಬರ್‌ನಲ್ಲಿ. ಬೀರು ಕುಡಿಯೋಕೆ ಜಗತ್ತೆಲ್ಲ ಅಲ್ಲಿಗೆ ಬರುತ್ತದೆ, ಹೋಟೆಲ್‌ನವರು ಬಾಯಿಗೆ ಬಂದ ದರ ಹೇಳುತ್ತಾರೆ. ಮಜ್ಜಿಗೆ ಕುಡಿಯೋ ಆರು ಜನ ಅವರ ಜೊತೆ ರೂಮಿಗೆ ಪೈಪೋಟಿ ಮಾಡಬೇಕು. ಯಾಕಮ್ಮ ಈ ದಿನ ಅಂದರೆ, ಮಿರಾಬೆಲ್ ಅರಮನೆಯ ಅಮೃತಶಿಲೆ ಹಾಲ್ ಆವತ್ತೇ ಸಿಕ್ಕಿತು ಅಂದಳು. ನೋಂದಣಿ ಅಧಿಕಾರಿ ಬಂದು ಓದಿ, ಉಂಗುರ ಹಾಕಿಸಿ, ಸಹಿ ತಗೊಂಡರೆ ಮುಗಿಯಿತು, ಮುಕ್ಕಾಲು ಗಂಟೆಯೂ ಆಗಲ್ಲ ಅಂತೆ. ನಮ್ಮಲ್ಲಿ ಅಷ್ಟರಲ್ಲಿ ಫೋಟೋಗ್ರಾಫರ್ ಲೈಟ್ ಸರಿ ಮಾಡಿರಲ್ಲ.

ಇನ್ನು ರೈಲು. ಪಾಸ್ ತಗೊಂಡರೆ ಎಲ್ಲಿ ಬೇಕಾದರೂ ಹತ್ತಬಹುದು ಅಂತ ಮಗ ಹೇಳಿದ. ಓದಿ ನೋಡಿದರೆ ಜ್ಯೂರಿಕ್‌ನಿಂದ ಪ್ಯಾರಿಸ್‌ಗೆ ಹೋಗುವ ಟಿಜಿವಿ ಅನ್ನೋ ವೇಗದ ರೈಲಿಗೆ ಪಾಸ್ ಇದ್ದರೂ ಸೀಟು ಬೇರೆ ಕಾಯ್ದಿರಿಸಲೇಬೇಕು, ಅದಕ್ಕೆ ಬೇರೆ ದುಡ್ಡು. ಸಾಲ್ಸ್‌ಬರ್ಗ್‌ನಿಂದ ಜ್ಯೂರಿಕ್‌ಗೇ ಐದು ಗಂಟೆ ದಾಟುತ್ತದೆ. ಮಂಡಿನೋವಿನ ಅಮ್ಮನನ್ನು ಹಾಗೆ ಕೂರಿಸಿಕೊಂಡು ಹೋಗಿ, ಮರುದಿನ 3,454 ಮೀಟರ್ ಎತ್ತರದಲ್ಲಿ ಮಂಜು ಮುಚ್ಚಿದ ಯುಂಗ್‌ಫ್ರಾವ್ಯೋಕ್ ಅನ್ನೋ ಬೆಟ್ಟದ ಜಾಗಕ್ಕೆ ಹತ್ತಿಸಬೇಕಂತೆ. ಯಾಕೆ? ಅತ್ತಿಗೆ ಮಂಜಿನಲ್ಲಿ ಸೀರೆ ಉಟ್ಟು ರೀಲ್ಸ್ ಮಾಡಬೇಕು.

ಮದುವೆ ಕಾಗದ ಮೇಲಿಟ್ಟು, ಆಸ್ಟ್ರಿಯಾದ ರಾತ್ರಿಗಳನ್ನೇ ಜಾಸ್ತಿ ಮಾಡಿ, ಅಲ್ಲಿಗೇ ಅರ್ಜಿ ಹಾಕಿ ಬಂದಿದ್ದೇನೆ. ಉತ್ತರಕ್ಕೆ 15 ದಿನ ಅಂತಾರೆ, 45 ದಿನದವರೆಗೂ ಎಳೆಯಬಹುದು. ಪಾಸ್‌ಪೋರ್ಟ್ ಅವರ ಹತ್ತಿರವೇ ಇದೆ. ಇಂಟರ್‌ಲಾಕನ್ ಎರಡು ರಾತ್ರಿ, ಪ್ಯಾರಿಸ್ ಎರಡು, ಅಷ್ಟೇ. ಕುಟುಂಬದ ಗ್ರೂಪಿನಲ್ಲಿ ಬೆಳಗ್ಗೆ ಬರೆದು ಹಾಕಿದ್ದೇನೆ: ಇನ್ನು ಒಂದು ದಿನ ಸೇರಿಸಬೇಕು ಅನ್ನುವವರು ಅವರ ಅರ್ಜಿ ಅವರೇ ತುಂಬಿಕೊಳ್ಳಲಿ, ಅವರ ಸಾಲಿನಲ್ಲಿ ಅವರೇ ನಿಲ್ಲಲಿ. ನೀಲಿ ಟಿಕ್ ಬಿದ್ದಿದೆ, ಒಬ್ಬರೂ ಉತ್ತರ ಕೊಟ್ಟಿಲ್ಲ. ಅಣ್ಣ ಮಾತ್ರ ಒಂದು ಲಿಂಕ್ ಕಳಿಸಿದ್ದಾನೆ, ವೆನಿಸ್ ದೋಣಿಯದ್ದು. ತೆರೆದು ನೋಡೋದಿಲ್ಲ.