ಗಾಳಿ ಎತ್ತಣಿಂದ?

ಪೂರ್ತಿ ಹಾಯಿ ಬಿಚ್ಚಿ ಓಡುವ ಕ್ಲಿಪ್ಪರ್ ಹಡಗಿನ (ಹತ್ತೊಂಬತ್ತನೇ ಶತಮಾನದ ವೇಗದ ಹಾಯಿಹಡಗು) ಚಿತ್ರ ಕಾಯುವ ಜಾಗಗಳಿಗೆ ಹೇಳಿ ಮಾಡಿಸಿದ್ದು. ಹಲ್ಲಿನ ಡಾಕ್ಟರು ಕರೆಯುವವರೆಗೂ ಅದರಲ್ಲಿ ತಪ್ಪು ಹುಡುಕುತ್ತ ಕೂರಬಹುದು.

ಮೊದಲು ಬಾವುಟ ನೋಡಿ. ನವೆಂಬರಿನಲ್ಲಿ ಬೈಕಿಗೆ ಕಟ್ಟಿದ ಕನ್ನಡ ಬಾವುಟ ಹಿಂದಕ್ಕೆ ಹಾರುವುದನ್ನು ಕಂಡ ಕಣ್ಣಿಗೆ ಹಡಗಿನದೂ ಹಾಗೇ ಹಾರಬೇಕೆನಿಸುತ್ತದೆ. ಆದರೆ ಹಡಗಿಗೆ ಗಾಳಿಯೇ ಪೆಟ್ರೋಲು. ಹಿಂದಿನಿಂದ 25 ನಾಟ್ (ಗಂಟೆಗೆ ಸುಮಾರು 46 ಕಿಲೋಮೀಟರ್) ಗಾಳಿ ಬೀಸಿ ಹಡಗು 14 ನಾಟ್ ಓಡುತ್ತಿದ್ದರೆ, ಅದರ ಮೇಲಿದ್ದವರ ಬೆನ್ನಿಗೆ ತಾಗುವುದು 11 ನಾಟ್ ಗಾಳಿ ಮಾತ್ರ. ಬಾವುಟ ಮುಂದಕ್ಕೇ ಹಾರಬೇಕು, ಅದೂ ಅಷ್ಟೇನೂ ಬಿಗುವಿಲ್ಲದೆ. ಹಾಯಿ ಮುಂದಕ್ಕೆ ಉಬ್ಬಿ, ಬಾವುಟ ನೇರ ಹಿಂದಕ್ಕೆ ಚಾಚಿದ್ದರೆ ಆ ಚಿತ್ರದಲ್ಲಿ ಎರಡು ಗಾಳಿ! ಪಕ್ಕದ ಗಾಳಿಯಾದರೆ ಲೆಕ್ಕ ಬೇರೆ. ಆಗ ವೇಗ ಏರಿದಷ್ಟೂ ಬಾವುಟ ಹಿಂದಕ್ಕೆ ಹೊರಳುತ್ತದೆ.

ಆಮೇಲೆ ಹಗ್ಗ. 1869ರ ಕಟಿ ಸಾರ್ಕ್ ಎಂಬ ಕ್ಲಿಪ್ಪರ್ ಒಂದಕ್ಕೇ ಸುಮಾರು 18 ಕಿಲೋಮೀಟರ್ ಹಗ್ಗ. ಹಾಯಿ ಕಟ್ಟುವ ಕೂವೆಮರವನ್ನು ಬಿಗಿದು ನಿಲ್ಲಿಸುವವು ಟಾರು ಬಳಿದು ಕಪ್ಪಗಿರುತ್ತವೆ. ಹಾಯಿಯನ್ನು ಎಳೆದು ಬಿಡುವವು ತಿಳಿ ಬಣ್ಣ. ಗಾಳಿ ಬರುವ ಬದಿಯವು ಬಿಗಿ, ಆಚೆ ಬದಿಯವು ತುಸು ಸಡಿಲ. ಎಲ್ಲವನ್ನೂ ಸ್ಕೇಲು ಇಟ್ಟು ಎಳೆದರೆ ಓಡುವ ಹಡಗೂ ಬಂದರಿನಲ್ಲಿ ಕಟ್ಟಿಹಾಕಿದಂತೆ ಕಾಣುತ್ತದೆ. ಇವುಗಳಿಗೆ ಉದ್ದ ಕೂದಲಿನ ಸಪೂರ ಕುಂಚ, ಚೆನ್ನಾಗಿ ತೆಳುವಾಗಿಸಿದ ಬಣ್ಣ, ಕೈ ಊರಲೊಂದು ಕೋಲು ಬೇಕು. ಹಿಂದಿನ ಆಕಾಶ ಒಣಗದಿದ್ದರೆ ಗೆರೆ ಕಲಸಿಹೋಗುತ್ತದೆ.

ಆ ಕಾಲದಲ್ಲಿ ಇಂಥ ಚಿತ್ರ ಬರೆಸುತ್ತಿದ್ದವರು ಹೆಚ್ಚಾಗಿ ಕಪ್ತಾನರು, ಹಡಗಿನ ಮಾಲೀಕರು. ಒಂದು ಹಗ್ಗ ಜಾಗ ತಪ್ಪಿದರೂ ಗುರುತಿಸುವ ಗಿರಾಕಿಗಳು. ಹಾಗಾಗಿ ಹಡಗು ಕರಾರುವಾಕ್ಕು, ಕಡಲು ಮಾತ್ರ ಅಚ್ಚು ಹಾಕಿದಂತೆ. ಕಡಲಿಗೆ ಜೀವ ಕೊಟ್ಟವರಲ್ಲಿ ಮಾಂಟೇಗ್ ಡಾಸನ್ ದೊಡ್ಡ ಹೆಸರು. ಏರಿಯಲ್ ಮತ್ತು ಟೈಪಿಂಗ್ ಹಡಗುಗಳ ಪೈಪೋಟಿಯನ್ನು ಅವರು ಬರೆದರು: 1866ರಲ್ಲಿ ಚೀನಾದ ಫೂಚೌನಿಂದ ಚಹಾ ಹೊತ್ತು 99 ದಿನ ಓಡಿ, ಲಂಡನ್ನಿನಲ್ಲಿ ಬರೀ 28 ನಿಮಿಷದ ಅಂತರದಲ್ಲಿ ಹಡಗುಕಟ್ಟೆ ಸೇರಿದ ಜೋಡಿ. ಡಾಸನ್ ಹುಟ್ಟಿದ್ದೇ 1890ರಲ್ಲಿ!

ವೇಗವನ್ನು ತೋರಿಸಲು ಹಲವರು ಮುಂಬದಿಗೆ ಬಿಳಿ ನೊರೆ ಮೆತ್ತಿ ಕೈತೊಳೆದುಕೊಳ್ಳುತ್ತಾರೆ. ಗುಟ್ಟು ಇರುವುದು ನಡುವಿನಲ್ಲಿ. ಹಡಗು ತಾನೇ ಎಬ್ಬಿಸುವ ಅಲೆ ವೇಗದ ಜೊತೆ ಉದ್ದವಾಗುತ್ತ ಹೋಗಿ, 17 ನಾಟ್‌ನಲ್ಲಿ ಸುಮಾರು 160 ಅಡಿ ಮುಟ್ಟುತ್ತದೆ. ಕಟಿ ಸಾರ್ಕ್‌ನ ಉದ್ದ 212 ಅಡಿ. ಅಂದರೆ ಒಂದು ಅಲೆ ಮೂತಿಯ ಬಳಿ ಎದ್ದರೆ ಮುಂದಿನದು ಹಿಂಬದಿಗೆ; ನಡುವೆ ನೀರು ತಗ್ಗಿ, ತಳಕ್ಕೆ ಹೊದಿಸಿದ ಹಿತ್ತಾಳೆ ಬಣ್ಣದ ತಗಡು ಇಣುಕಬೇಕು.