ಎರಡು ನಿಮಿಷಕ್ಕೊಂದು ಚಮಚ

ಮಗುವಿಗೆ ವಾಂತಿ-ಭೇದಿ ಶುರುವಾದ ಮನೆಯಲ್ಲಿ ಮೊದಲು ಕೇಳುವ ಮಾತು, "ಭೇದಿ ನಿಲ್ಲೋಕೆ ಏನಾದ್ರೂ ಕೊಡಿ." ಎರಡನೆಯದು, "ಕುಡಿಸಿದ್ದೆಲ್ಲ ಕಕ್ತಿದೆ, ಸ್ವಲ್ಪ ಹೊತ್ತು ಹೊಟ್ಟೆ ಖಾಲಿ ಬಿಡಿ." ಎರಡೂ ಅಕ್ಕರೆಯ ಮಾತುಗಳೇ, ಎರಡೂ ತಪ್ಪು. ರೋಟಾವೈರಸ್ ಥರದ ಸೋಂಕು ತಾನಾಗಿಯೇ ಹೋಗುತ್ತದೆ: ವಾಂತಿ ಒಂದೆರಡು ದಿನ, ಭೇದಿ ಐದರಿಂದ ಏಳು ದಿನ. ಭೇದಿಯನ್ನು ನಿಲ್ಲಿಸುವುದು ನಮ್ಮ ಕೆಲಸವಲ್ಲ. ಹೋದಷ್ಟು ನೀರು, ಉಪ್ಪು ಮಗುವಿನ ಮೈಗೆ ಮತ್ತೆ ಸೇರುವಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೆಲಸ. "ಎರಡು ದಿನದಿಂದ ಓಆರ್‌ಎಸ್ ಕೊಟ್ರೂ ಭೇದಿ ನಿಂತಿಲ್ಲ" ಎಂದು ಬೇಸರಪಡುವವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಓಆರ್‌ಎಸ್ ಎಂದರೆ ಉಪ್ಪು-ಗ್ಲುಕೋಸಿನ ಪುಡಿ ಕಲಸಿದ ನೀರು, ಅದು ಭೇದಿ ನಿಲ್ಲಿಸುವ ಔಷಧಿಯೇ ಅಲ್ಲ.

ಬರೀ ನೀರು ಯಾಕೆ ಸಾಲದು? ಭೇದಿಯಲ್ಲಿ ನೀರಿನ ಜೊತೆ ಸೋಡಿಯಂ, ಪೊಟ್ಯಾಸಿಯಂ ಕೂಡ ಹೋಗುತ್ತವೆ. ಕರುಳು ಕೆಟ್ಟಿದ್ದರೂ ಅದರ ಗೋಡೆಯಲ್ಲಿ ಒಂದು ಬಾಗಿಲು ಮಾತ್ರ ತೆರೆದೇ ಇರುತ್ತದೆ. ಗ್ಲುಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಬಂದರೆ ಅದು ಒಳಗೆ ಬಿಡುತ್ತದೆ, ಅವುಗಳ ಹಿಂದೆ ನೀರೂ ಹೋಗುತ್ತದೆ. 2002ರಿಂದ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯೂಎಚ್‌ಒ) ಹೇಳುವ ಸೂತ್ರದಲ್ಲಿ ಒಂದು ಲೀಟರಿಗೆ ಗ್ಲುಕೋಸ್ 13.5 ಗ್ರಾಂ, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ ಇರುವುದು ಈ ಜೋಡಿಯ ಲೆಕ್ಕಕ್ಕೇ. ಸಕ್ಕರೆ ಹೆಚ್ಚಾದರೆ ಆಟ ಉಲ್ಟಾ. ಕರುಳಲ್ಲಿ ಉಳಿದ ಸಕ್ಕರೆ ಮೈಯ ನೀರನ್ನೇ ತನ್ನತ್ತ ಎಳೆದುಕೊಂಡು ಭೇದಿ ಜಾಸ್ತಿಯಾಗುತ್ತದೆ. ಗ್ಲುಕೋಸ್ ಪುಡಿ ಕಲಸಿದ ನೀರು, ಪ್ಯಾಕೆಟ್ ಜ್ಯೂಸ್, ಸೋಡಾ ಬೇಡ ಅನ್ನುವುದು ಇದಕ್ಕೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಆರು ತಿಂಗಳು ದಾಟಿದ ಮಗುವಿಗೆ ಜೊತೆಗೆ ನಾಲ್ಕು ಚಮಚ ಕೊಡಿ, ಓಆರ್‌ಎಸ್ ಬದಲಿಗೆ ಬೇಡ.

ಅಂಗಡಿಯಲ್ಲಿ ಓಆರ್‌ಎಸ್ ಎಂದು ಬರೆದುಕೊಂಡು ಮಾರುತ್ತಿದ್ದ ಸಿಹಿ ಪೇಯಗಳಿಗೆ ಆ ಹೆಸರು ಬಳಸಬಾರದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶಿಸಿದ್ದು 2025ರ ಅಕ್ಟೋಬರಿನಲ್ಲಿ, ಅದೂ ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ. ಆದರೂ ಬಣ್ಣದ ಡಬ್ಬಿ ನೋಡಿ ಕೊಳ್ಳಬೇಡಿ, ಡಬ್ಲ್ಯೂಎಚ್‌ಒ ಸೂತ್ರದ್ದೇ ಎಂದು ಲೇಬಲ್ ಓದಿ ಕೊಳ್ಳಿ. ಆಶಾ ಕಾರ್ಯಕರ್ತೆಯರ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸರಿಯಾದ ಪೊಟ್ಟಣ ಪುಕ್ಕಟೆ ಸಿಗುತ್ತದೆ.

ಇನ್ನು ಕಲಸುವುದು. ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ. ಸುಮಾರು 21 ಗ್ರಾಂ ಇರುವ ದೊಡ್ಡ ಪೊಟ್ಟಣ ಒಂದು ಲೀಟರಿಗೆ, 4 ಗ್ರಾಂ ಚಿಲ್ಲರೆಯ ಚಿಕ್ಕದು 200 ಮಿ.ಲೀ.ಗೆ. ಎಷ್ಟು ನೀರಿಗೆ ಎಂಬುದು ಪೊಟ್ಟಣದ ಮೇಲೇ ಇರುತ್ತದೆ, ಓದುವವರು ಕಡಿಮೆ. "ಮಗು ಕುಡಿಯೋದೇ ಇಷ್ಟು" ಎಂದು ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಐದು ಪಟ್ಟು ಗಟ್ಟಿಯಾಗುತ್ತದೆ. ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಫಿಟ್ಸ್ ಬರಬಹುದು. ಕಣ್ಣಂದಾಜಿನಲ್ಲಿ ಕಾಲು ಪೊಟ್ಟಣ ಹಾಕುವುದೂ ಸರಿಯಲ್ಲ, ಪುಡಿಯಲ್ಲಿ ಉಪ್ಪು-ಸಕ್ಕರೆ ಎಲ್ಲ ಕಡೆ ಒಂದೇ ಸಮ ಹರಡಿರುವುದಿಲ್ಲ. ಅಳತೆಗೆ ಲೀಟರ್ ಬಾಟಲಿ ಇಟ್ಟುಕೊಳ್ಳಿ, ಮನೆಯ ಚೊಂಬು ಯಾವತ್ತೂ ಲೀಟರ್ ಅಲ್ಲ. ಕುದಿಸಿ ಆರಿಸಿದ ನೀರನ್ನು ಶುಭ್ರ ಪಾತ್ರೆಗೆ ಅಳೆದು ಸುರಿದು, ಇಡೀ ಪುಡಿ ಹಾಕಿ ಪೂರ್ತಿ ಕರಗಿಸಿ. ಕಲಸಿದ ಮೇಲೆ ಕುದಿಸಬೇಡಿ, ನೀರು ಆವಿಯಾಗಿ ಉಪ್ಪು ಗಟ್ಟಿಯಾಗುತ್ತದೆ. ರುಚಿಗೆಂದು ಸಕ್ಕರೆ, ಹಾಲು, ಜ್ಯೂಸ್ ಸೇರಿಸಬೇಡಿ. ಮುಚ್ಚಿಟ್ಟರೆ 24 ಗಂಟೆ, ಆಮೇಲೆ ಉಳಿದದ್ದು ಮೋರಿಗೆ.

ನಡುರಾತ್ರಿ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಚಮಚದಲ್ಲಿ ತಲೆ ಸವರಿದ ಆರು ಚಮಚ ಸಕ್ಕರೆ, ತಲೆ ಸವರಿದ ಅರ್ಧ ಚಮಚ ಉಪ್ಪು. ಒಂದು ಲೋಟಕ್ಕೆಂದು ಭಾಗ ಮಾಡಲು ಹೋಗಬೇಡಿ. ಅಷ್ಟು ಸಣ್ಣ ಉಪ್ಪನ್ನು ಕೈಯಲ್ಲಿ ಅಳೆಯಲಾಗದು, ಅಜ್ಜಿಯ ಚಿಟಿಕೆ ಬೇರೆ, ಅಪ್ಪನ ಚಿಟಿಕೆ ಬೇರೆ. ಪೂರ್ತಿ ಲೀಟರ್ ಮಾಡಿ, ಮಿಕ್ಕಿದ್ದು ಚೆಲ್ಲಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಅಳತೆ ತಪ್ಪಿದೆ ಎಂದರ್ಥ. ಇದರಲ್ಲಿ ಪೊಟ್ಯಾಸಿಯಂ ಇಲ್ಲ, ಬೆಳಿಗ್ಗೆ ಪೊಟ್ಟಣ ತರುವವರೆಗೆ ಮಾತ್ರ.

ಕುಡಿಸುವ ಲೆಕ್ಕಕ್ಕೆ ಬರೋಣ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ನೀರು ಭೇದಿಯ ನಂತರ 50ರಿಂದ 100 ಮಿ.ಲೀ. ಆಗಲೇ ನೀರಿನಂಶ ಕಡಿಮೆಯಾಗಿದ್ದರೆ ಆರೋಗ್ಯ ಕೇಂದ್ರದಲ್ಲಿ ಕೂರಿಸಿಕೊಂಡು ಕಿಲೋಗೆ 75 ಮಿ.ಲೀ.ಯಂತೆ ನಾಲ್ಕು ಗಂಟೆಯಲ್ಲಿ ಕುಡಿಸುತ್ತಾರೆ. ಎಂಟು ಕಿಲೋ ಮಗುವಿಗೆ 600 ಮಿ.ಲೀ. ಕೇಳಿದರೆ ಎದೆ ಝಲ್ ಎನ್ನುತ್ತದೆ, ಒಂದು ಲೋಟವೇ ಉಳಿಯದ ಹೊಟ್ಟೆಯಲ್ಲಿ ಮೂರು ಲೋಟವೇ? ಚಮಚದ ಲೆಕ್ಕಕ್ಕೆ ತನ್ನಿ. 600 ಅಂದರೆ 120 ಚಮಚ, ನಾಲ್ಕು ಗಂಟೆ ಅಂದರೆ 240 ನಿಮಿಷ. ಎರಡು ನಿಮಿಷಕ್ಕೊಂದು ಚಮಚ, ಅಷ್ಟೇ. ಬಾಯಾರಿದ ಮಗು ಲೋಟ ಕಂಡರೆ ಗಟಗಟ ಕುಡಿಯುತ್ತದೆ, ಹೊಟ್ಟೆ ಒಮ್ಮೆಲೇ ಉಬ್ಬಿ ಎಲ್ಲ ಹೊರಬರುತ್ತದೆ, ಮನೆಯವರು "ಇದಕ್ಕೆ ಓಆರ್‌ಎಸ್ ಆಗಿಬರಲ್ಲ" ಎಂದು ತೀರ್ಮಾನಿಸುತ್ತಾರೆ. ಆಗಿಬರದ್ದು ವೇಗ. ಕಕ್ಕಿದರೆ ಹತ್ತು ನಿಮಿಷ ಕಾಯಿರಿ, ಮತ್ತೆ ಇನ್ನೂ ನಿಧಾನಕ್ಕೆ ಶುರು ಮಾಡಿ. ವಾಂತಿಯಲ್ಲಿ ಎಲ್ಲವೂ ಹೊರಹೋಗಿರುವುದಿಲ್ಲ, ಒಂದಿಷ್ಟು ಒಳಗೆ ಇಳಿದೇ ಇರುತ್ತದೆ.

ಚಮಚಕ್ಕೆ ಬಾಯಿ ಬಿಡದ ಮಗುವಿಗೆ ಸೂಜಿ ಇಲ್ಲದ 5 ಮಿ.ಲೀ. ಸಿರಿಂಜ್ ಅನುಕೂಲ. ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಬಿಡಿ, ನೇರ ಗಂಟಲಿಗೆ ಬೇಡ. ಮಗುವನ್ನು ಮಲಗಿಸಿ ಒಳಲೆಯಲ್ಲಿ ಸುರಿಯುವ ಪದ್ಧತಿ ಅಪಾಯದ್ದು, ಅಳುವ ಮಗುವಿನ ಶ್ವಾಸಕ್ಕೆ ಹೋಗಬಹುದು. ಒಳಲೆಯ ಮೂತಿಯೊಳಗೆ ಅಂಟಿದ ಕೊಳೆ ತೊಳೆದರೂ ಸುಲಭಕ್ಕೆ ಹೋಗುವುದಿಲ್ಲ.

ಇದು ತಾಳ್ಮೆಯ ಕೆಲಸ, ನಿಜ. ಒಬ್ಬರೇ ಮಾಡಬೇಕಾಗಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್‌ನ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಕುಡಿಸಿದವರು ರೋಗಿಗಳ ಮನೆಯವರೇ. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಅಪ್ಪಂದಿರೇ, ಗಡಿಯಾರ ನೋಡಿಕೊಂಡು ಚಮಚ ಹಿಡಿಯಲು ಡಿಗ್ರಿ ಬೇಕಿಲ್ಲ.

ಎದೆಹಾಲು ಒಂದು ಹೊತ್ತೂ ನಿಲ್ಲಿಸಬೇಡಿ, ಪದೇಪದೇ ಕುಡಿಸಿ. ಬಾಣಂತಿ ತಿಂದದ್ದೇ ಮಗುವಿಗೆ ಭೇದಿ ತರಿಸಿತು ಎಂದು ಅವಳ ತಟ್ಟೆಯಿಂದ ಒಂದೊಂದೇ ಕಸಿದುಕೊಳ್ಳುವುದನ್ನೂ ಬಿಡಿ. ಡಬ್ಬಿ ಹಾಲಾದರೆ ಎಂದಿನ ಅಳತೆಯಲ್ಲೇ, ನೀರು ಹೆಚ್ಚಿಸದೆ. ಆರು ತಿಂಗಳೊಳಗಿನ ಎದೆಹಾಲಿನ ಕೂಸಿಗೆ ಬರೀ ನೀರು ಬೇಡ. ಊಟ ಶುರುವಾದ ಮಗುವಿಗೆ ಮೆತ್ತಗಿನ ಅನ್ನ-ಬೇಳೆ, ಮೊಸರನ್ನ, ಹಿಸುಕಿದ ಬಾಳೆಹಣ್ಣು. ಬರೀ ಗಂಜಿ ತಿಳಿಯಲ್ಲೇ ನಾಲ್ಕು ದಿನ ಕಳೆದರೆ ಮಗು ಸೊರಗುತ್ತದೆ.

ಜಾಯಿಕಾಯಿ ತೇಯ್ದು ನೆಕ್ಕಿಸುವುದರ ಬಗ್ಗೆ ಜಗಳಕ್ಕೂ ನಾನು ಸಿದ್ಧ. ಹೆಚ್ಚಾದರೆ ಅದು ಮಂಪರು ತರಿಸುತ್ತದೆ. ಮಂಪರಾದ ಮಗು ಕುಡಿಯುವುದಿಲ್ಲ, ಮೇಲಾಗಿ ಮಂಪರೇ ನಾವು ಗಮನಿಸಬೇಕಾದ ಅಪಾಯದ ಗುರುತು. ದೊಡ್ಡವರ ಭೇದಿ ಮಾತ್ರೆಯಂತೂ ಕೂಡದೇ ಕೂಡದು. ನೆತ್ತಿ ಗುಳಿ ಬಿದ್ದರೆ ಹರಳೆಣ್ಣೆ ಒತ್ತುವವರಿದ್ದಾರೆ. ಅದು ಮೈಯಲ್ಲಿ ನೀರಿಲ್ಲದೆ ಬಿದ್ದ ಗುಳಿ, ಎಣ್ಣೆಯಿಂದ ತುಂಬುವುದಿಲ್ಲ.

ಗುಳಿಬಿದ್ದ ಕಣ್ಣು, ಕಣ್ಣೀರಿಲ್ಲದ ಅಳು, ಒಣ ನಾಲಿಗೆ, ಆರು ಗಂಟೆಯಾದರೂ ಮೂತ್ರವಿಲ್ಲ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಇಳಿಯುವುದು: ಇವುಗಳಲ್ಲಿ ಯಾವುದು ಕಂಡರೂ ಆಸ್ಪತ್ರೆ. ನೀರು ಭೇದಿಯಿದ್ದಾಗ ಡೈಪರಿನಲ್ಲಿ ಮೂತ್ರ ಗೊತ್ತಾಗುವುದಿಲ್ಲ, ಹತ್ತಿ ಬಟ್ಟೆಗೆ ಬದಲಾಯಿಸಿ. ಮಲದಲ್ಲಿ ರಕ್ತ, ಹಸಿರು ವಾಂತಿ, ಬಿಟ್ಟುಬಿಟ್ಟು ಕಾಲು ಮಡಚಿ ಕಿರುಚುವುದು, ಎಬ್ಬಿಸಿದರೂ ಏಳದ ನಿದ್ದೆ, ಏನೂ ಕುಡಿಯದಿರುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ, ದಾರಿಯಲ್ಲೂ ನುಂಗುವಷ್ಟು ಎಚ್ಚರವಿದ್ದರೆ ಚಮಚ ಬಿಡಬೇಡಿ. ಮೂರು ತಿಂಗಳೊಳಗಿನ ಕೂಸಾದರೆ ಯಾವ ಗುರುತಿಗೂ ಕಾಯಬೇಡಿ.

ಓಆರ್‌ಎಸ್ ಜೊತೆಗೆ ಜಿಂಕ್ ಮಾತ್ರೆ, 14 ದಿನ. ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ., ಅದಕ್ಕೂ ಚಿಕ್ಕವರಿಗೆ ವೈದ್ಯರು ಹೇಳಿದಂತೆ 10. ಮಾತ್ರೆಯನ್ನು ಒಂದು ಚಮಚ ನೀರಿನಲ್ಲೋ ಹಿಂಡಿದ ಎದೆಹಾಲಿನಲ್ಲೋ ಕರಗಿಸಿ. ಮೂರನೇ ದಿನ ಭೇದಿ ನಿಂತರೂ ಉಳಿದ ಹನ್ನೊಂದು ಮಾತ್ರೆ ಫ್ರಿಜ್ ಮೇಲೆ ಮರೆತುಹೋಗದಿರಲಿ, ಮತ್ತು ಆಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚು ಕೊಡಿ.