ಪೋರ್ಚುಗೀಸ್ ಮಾತನಾಡುವ ಕೊಪ್ಪಳದ ಮೇಸ್ತ್ರಿ

‘ಯಾವ ಭಾಷೆಗೂ ಅನುವಾದವಾಗದ ಹತ್ತು ಪದಗಳು’ ಎಂಬ ಪಟ್ಟಿ ಮತ್ತೆ ಸುತ್ತಾಡುತ್ತಿದೆ. ಪುಸ್ತಕ ಕೊಂಡು ಓದದೆ ರಾಶಿ ಹಾಕುವುದಕ್ಕೆ ಜಪಾನಿನವರ ತ್ಸುಂದೊಕು, ಜಗಳ ಮುಗಿಸಿ ಮೆಟ್ಟಿಲಿಳಿಯುವಾಗ ಹೊಳೆಯುವ ಸರಿಯಾದ ಉತ್ತರಕ್ಕೆ ಫ್ರೆಂಚರದೊಂದು ಮಾತು, ಕೊನೆಗೆ ಕಳಶವಿಟ್ಟಂತೆ ಪೋರ್ಚುಗೀಸರ ಸೌದಾದ್. ಪಟ್ಟಿ ಮಾಡಿದವರ ಧೈರ್ಯ ನೋಡಿ: ಅನುವಾದವಾಗದು ಎಂದು ಘೋಷಿಸಿ, ಮುಂದಿನ ಸಾಲಿನಲ್ಲೇ ಅದರ ಅನುವಾದವನ್ನೂ ಕೊಟ್ಟಿರುತ್ತಾರೆ.

ಸೌದಾದ್ ಎಂದರೆ ಕಳೆದುಹೋದದ್ದರ, ದೂರವಾದದ್ದರ ನೆನಪಿನಲ್ಲಿ ಒಳಗೊಳಗೇ ಕುದಿಯುವುದು. ಆ ಕುದಿತದಲ್ಲಿ ಒಂದು ಚೂರು ಸುಖವೂ ಇರುವುದು. ನಮ್ಮ ಧಾರವಾಡದ ಹೆಂಗಸರು ಇದಕ್ಕೆ ಹಳಹಳಿ ಎನ್ನುತ್ತಾರೆ. ತವರು ಬಿಟ್ಟು ನಲವತ್ತು ವರ್ಷವಾದ ಮೇಲೂ ಅಲ್ಲಿನ ಹಿತ್ತಲ ಕರಿಬೇವಿನ ಗಿಡವನ್ನು ನೆನೆದು ಹಳಹಳಿಸುವವರು ಪ್ರತಿ ಓಣಿಯಲ್ಲೂ ಇದ್ದಾರೆ. ಅವರ ಮುಂದೆ ನಿಂತು ಈ ಭಾವನೆ ಪೋರ್ಚುಗೀಸರಿಗೆ ಮಾತ್ರ ಗೊತ್ತು ಎಂದು ಹೇಳಿ ನೋಡಿ.

ಹಾಗೆಂದು ಪರದೇಶದ ಮಾತುಗಳೆಂದರೆ ನನಗೆ ಆಗದು ಎಂದಲ್ಲ. ಬಹಳ ಇಷ್ಟ. ಆದರೆ ಗಾಜಿನ ಕಪಾಟಿನಲ್ಲಿಟ್ಟು ಧೂಪ ಹಾಕುವ ಪದಗಳಿಗಿಂತ, ನಮ್ಮ ಮನೆಗೆ ಬಂದು ದುಡಿದು ಸವೆದ ಪದಗಳು ಹೆಚ್ಚು ಇಷ್ಟ. ನಾನಿರುವ ಗೋವೆಯ ಮಡಗಾಂವದಲ್ಲಿ ಇಂಥವು ಕಾಲಿಗೆ ತೊಡರುತ್ತವೆ.

ನಾನು ಕಟ್ಟಡ ಗುತ್ತಿಗೆದಾರರೊಬ್ಬರ ಕಚೇರಿಯಲ್ಲಿ ಲೆಕ್ಕ ಬರೆಯುವವಳು. ಶನಿವಾರ ಬಟವಾಡೆ. ಸಂಜೆ ಐದಕ್ಕೆ ಕೊಪ್ಪಳ, ಗದಗ, ಬಾಗಲಕೋಟೆಯ ಕಡೆಯ ಕೆಲಸಗಾರರು ಸಿಮೆಂಟಿನ ಕೈಕಾಲು ತೊಳೆದುಕೊಂಡು ವರಾಂಡದಲ್ಲಿ ಸಾಲಾಗಿ ಕೂರುತ್ತಾರೆ. ಮೊನ್ನೆ ಒಬ್ಬ ಹುಡುಗ ಒಳಗೆ ಬಂದು, “ಅಕ್ಕಾವರೆ, ಮೇಸ್ತ್ರಿಯವರು ಚಾವಿ ಕೊಟ್ಟಿದ್ದಾರೆ. ಅಲಮಾರಿ ತೆಗೆದು ಪಗಾರದ ಪುಸ್ತಕ ಕೊಡಬೇಕಂತೆ” ಎಂದ. ನಾನು ಪುಸ್ತಕ ಕೊಟ್ಟು, ಅವನು ಹೋದ ಮೇಲೆ ಒಬ್ಬಳೇ ನಕ್ಕೆ. ಮೇಸ್ತ್ರಿ, ಚಾವಿ, ಅಲಮಾರಿ, ಪಗಾರ: ಎರಡು ವಾಕ್ಯದಲ್ಲಿ ನಾಲ್ಕು ಪೋರ್ಚುಗೀಸ್ ಪದಗಳು. ಮೆಸ್ತ್ರೆ ಎಂದರೆ ಕಸುಬಿನ ಗುರು, ಶಾವೆ ಎಂದರೆ ಕೀಲಿ, ಅರ್ಮಾರಿಯು ಎಂದರೆ ಕಪಾಟು, ಪಗಾರ್ ಎಂದರೆ ಹಣ ಸಲ್ಲಿಸು. ಲಿಸ್ಬನ್ನಿನ ಹೆಸರನ್ನೇ ಕೇಳದ ಹುಡುಗ ಅಷ್ಟು ಸಲೀಸಾಗಿ ಆ ಭಾಷೆಯನ್ನು ಆಡಿ ಹೋದ. ಈ ನಾಲ್ಕೂ ಅವನಿಗೆ ಗೋವೆಯಲ್ಲಿ ಸಿಕ್ಕವಲ್ಲ, ಊರಿನಿಂದಲೇ ಗಂಟಿನಲ್ಲಿ ಬಂದವು.

ಇವುಗಳಲ್ಲಿ ಪಗಾರದ ಮೇಲೆ ನನಗೆ ವಿಶೇಷ ಪ್ರೀತಿ. ಮೈಸೂರಿನ ಕಡೆಯವರು ಸಂಬಳ ಎನ್ನುತ್ತಾರೆ, ಎನ್ನಲಿ. ನಮ್ಮ ಕಡೆ ಮಾತ್ರ ತಿಂಗಳ ಮೊದಲ ವಾರ ಪಗಾರವಾಗುತ್ತದೆ. ಅವರ ಕ್ರಿಯಾಪದ ನಮ್ಮಲ್ಲಿ ಬಂದು ನಾಮಪದವಾಯಿತು. ಕೊಡುವವನ ಬಾಯಲ್ಲಿದ್ದ ‘ಕೊಡು’ ಎಂಬ ಮಾತು, ಪಡೆಯುವವನ ಕೈಯಲ್ಲಿರುವ ನೋಟಾಯಿತು. ಇದಕ್ಕಿಂತ ದೊಡ್ಡ ಕಾರ್ಮಿಕ ವಿಜಯ ನನಗೆ ಗೊತ್ತಿಲ್ಲ.

ಇನ್ನೊಂದು ತಮಾಷೆ. 1510ರಲ್ಲಿ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಗೋವೆಯನ್ನು ಗೆದ್ದದ್ದು ಯಾರಿಂದ? ವಿಜಯಪುರದ ಆದಿಲಶಾಹಿಗಳಿಂದ. ಆದಿಲ್ ಖಾನ್ ಎಂಬ ಹೆಸರು ಪೋರ್ಚುಗೀಸರ ನಾಲಿಗೆಯ ಮೇಲೆ ಹೊರಳಿ ಇದಾಲ್ಕಾಂವ್ ಆಯಿತು. ಪಣಜಿಯಲ್ಲಿ ಮಾಂಡವಿ ನದಿಯ ದಂಡೆಯ ಹಳೆಯ ಸಚಿವಾಲಯದ ಕಟ್ಟಡಕ್ಕೆ ಇಂದಿಗೂ ಇದಾಲ್ಕಾಂವ್ ಅರಮನೆ ಎಂದೇ ಹೆಸರು. ಅವರ ಅರ್ಮಾರಿಯುವನ್ನು ನಾವು ಅಲಮಾರಿ ಮಾಡಿಕೊಂಡದ್ದಕ್ಕೂ ಇದಕ್ಕೂ ಲೆಕ್ಕ ಚುಕ್ತಾ. ಈಗ ಅದೇ ವಿಜಯಪುರದ ಕಡೆಯಿಂದ ಜನ ಬಂದು ಇಲ್ಲಿ ಗೋಡೆ ಕಟ್ಟುತ್ತಿದ್ದಾರೆ.

ಈಗ ನನಗೆ ಸಿಟ್ಟು ಬರುವ ಪದಕ್ಕೆ ಬರುತ್ತೇನೆ. ಸುಶೆಗಾದ್. ಗೋವೆಗೆ ಬಂದು ಹೋದವರೆಲ್ಲ ಇದೊಂದನ್ನು ಕಲಿತು ಹೋಗುತ್ತಾರೆ. ಟೀ ಶರ್ಟಿನ ಮೇಲೆ ಇದೇ, ಕಾಫಿ ಲೋಟದ ಮೇಲೆ ಇದೇ, ಕಡಲ ಬದಿಯ ಕೋಟಿಗಟ್ಟಲೆ ಬೆಲೆಯ ಬಂಗಲೆಗಳ ಜಾಹೀರಾತಿನಲ್ಲೂ ಇದೇ. ಅವರ ಪ್ರಕಾರ ಇದರ ಅರ್ಥ ಕೆಲಸ ಮಾಡದೆ ಬಿದ್ದುಕೊಂಡಿರುವುದು. ಪೋರ್ಚುಗೀಸ್ ಮೂಲದ ಸೊಸೆಗಾದು ಎಂದರೆ ಇಷ್ಟೇ: ಗದ್ದಲವಿಲ್ಲದ, ನೆಮ್ಮದಿಯಾದ. ನಮ್ಮ ಮನೆಯ ಮಾಲೀಕರಾದ ಆಂಟಿ ಪೋರ್ಚುಗೀಸರ ಕಾಲದಲ್ಲಿ ಶಾಲೆಗೆ ಹೋದವರು. ಮೊಮ್ಮಗಳು ರಾತ್ರಿ ಬಸ್ಸಿನಲ್ಲಿ ಪುಣೆಗೆ ಹೊರಟರೆ ಬೆಳಗಿನ ಫೋನ್ ಬರುವವರೆಗೂ ಅವರಿಗೆ ನಿದ್ದೆಯಿಲ್ಲ. ಫೋನ್ ಬಂದ ಮೇಲೆ ಹೊರಗಿನ ಬಲ್ಕಾಂವಿನ, ಅಂದರೆ ಜಗಲಿಯ, ಕಲ್ಲುಬೆಂಚಿನ ಮೇಲೆ ಕುಳಿತು, “ಆತಾಂ ಸುಶೆಗಾದ್” ಎನ್ನುತ್ತಾರೆ. ಈಗ ನಿರುಮ್ಮಳ ಎಂದು ಅರ್ಥ. ಇದರಲ್ಲಿ ಸೋಮಾರಿತನ ಎಲ್ಲಿಂದ ಬಂತು?

ಮಧ್ಯಾಹ್ನ ಒಂದಕ್ಕೆ ಅಂಗಡಿ ಮುಚ್ಚುವುದನ್ನು ಕಂಡು ಪ್ರವಾಸಿಗರು ಕಣ್ಣು ಮಿಟುಕಿಸುತ್ತಾರೆ. ಅದೇ ಅಂಗಡಿಯವನು ಬೆಳಿಗ್ಗೆ ಬಾಗಿಲು ತೆರೆದಾಗ ಇವರು ಹೋಟೆಲಿನಲ್ಲಿ ಗೊರಕೆ ಹೊಡೆಯುತ್ತಿರುತ್ತಾರೆ. ಅಪರಾತ್ರಿಯಲ್ಲಿ ದೋಣಿ ಇಳಿಸುವವನು, ನಸುಕಿಗೆ ಮುಂಚೆ ಒಲೆ ಹೊತ್ತಿಸುವ ಪೊದೇರ್, ಬಿಸಿಲಲ್ಲಿ ಸ್ಲ್ಯಾಬ್ ಹಾಕುವ ನಮ್ಮ ಕೊಪ್ಪಳದವರು, ಇವರೆಲ್ಲರ ಬೆವರಿನ ಮೇಲೆ ಮಲಗಿ ಇಡೀ ನಾಡಿಗೆ ಸೋಮಾರಿ ಎಂಬ ಪಟ್ಟ ಕಟ್ಟುವುದಕ್ಕೆ ಒಂದು ಚೆಂದದ ವಿದೇಶಿ ಪದ ಸಿಕ್ಕಿದೆ. ಪದಗಳನ್ನು ಅರ್ಥ ತಿಳಿಯದೆ ಅಲಂಕಾರಕ್ಕೆ ತೊಟ್ಟರೆ ಆಗುವುದು ಇದೇ.

ಪೊದೇರ್ ಎಂದೆ. ಪಾದೆಯ್ರು, ಅಂದರೆ ರೊಟ್ಟಿ ಸುಡುವವನು, ಕೊಂಕಣಿಯಲ್ಲಿ ಪೊದೇರ್ ಆದ. ನಮ್ಮ ಓಣಿಗೆ ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು, ರಬ್ಬರ್ ಹಾರ್ನ್ ಒತ್ತುತ್ತ ಬರುವ ಹುಡುಗ ಗದಗದ ಕಡೆಯವನು. “ಅಕ್ಕಾ, ಉಂಡೊ ಮುಗಿಯಿತು. ಪೊಯಿ ಕೊಡಲೇ?” ಎನ್ನುತ್ತಾನೆ. ಪೊಯಿ ತವುಡು ಹಚ್ಚಿದ, ಒಳಗೆ ಪೊಳ್ಳಾದ ರೊಟ್ಟಿ. ಬಳೆಯಾಕಾರದ ಗಟ್ಟಿ ಕಾಂಕಣ ಚಹಾದಲ್ಲಿ ಅದ್ದಲು ಒಳ್ಳೆಯದು. ಉಂಡೊ ದುಂಡಗಿರುತ್ತದೆ, ಹೆಸರು ಕೇಳಿದಾಗಲೆಲ್ಲ ನನಗೆ ನಮ್ಮ ಉಂಡೆಯ ನೆನಪು. ಇವೆಲ್ಲದರ ಹಿರಿಯ ಪಾವ್. ಕಾಲಿನಿಂದ ತುಳಿದು ಹಿಟ್ಟು ನಾದುತ್ತಿದ್ದರು, ಅದಕ್ಕೇ ಪಾವ್ ಎಂದು ಒಬ್ಬರು ಕಥೆ ಕಟ್ಟಿದರೆ, ನಾಲ್ಕು ತುಂಡು ಅಂಟಿಕೊಂಡಿರುವುದರಿಂದ ಪಾವು ಭಾಗ ಎಂದು ಮತ್ತೊಬ್ಬರದು. ಎರಡೂ ಸುಳ್ಳು. ಪೋರ್ಚುಗೀಸಿನ ಪಾಂವ್ ಎಂದರೆ ರೊಟ್ಟಿ, ಮುಗಿಯಿತು. ಅದೇ ಪೋರ್ಚುಗೀಸರು 1543ರಲ್ಲಿ ಜಪಾನ್ ತಲುಪಿದರು. ಅಲ್ಲಿಯವರು ಇಂದಿಗೂ ರೊಟ್ಟಿಗೆ ಪಾನ್ ಎನ್ನುತ್ತಾರೆ. ಮುಂಬಯಿಯಲ್ಲಿ ವಡಾಪಾವ್ ತಿನ್ನುವವನೂ ಟೋಕಿಯೊದಲ್ಲಿ ಪಾನ್ ತಿನ್ನುವವನೂ ಒಂದೇ ಹೆಸರು ಹಿಡಿದು ಕೂಗುತ್ತಿದ್ದಾರೆ.

ಇದನ್ನು ಹೇಳಿದೊಡನೆ ಯಾರಾದರೊಬ್ಬರು ಹಾಗಾದರೆ ಜಪಾನಿನ ಅರಿಗಾತೊ ಕೂಡ ಪೋರ್ಚುಗೀಸಿನ ಒಬ್ರಿಗಾದುವಿನಿಂದ ಬಂದದ್ದಲ್ಲವೇ ಎನ್ನುತ್ತಾರೆ. ಅಲ್ಲ. ಪೋರ್ಚುಗೀಸರು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಜಪಾನಿನಲ್ಲಿ ಅರಿಗತಶಿ ಎಂಬ ಪದವಿತ್ತು. ಇರುವುದೇ ಕಷ್ಟವಾದದ್ದು, ಅಪರೂಪವಾದದ್ದು ಎಂದು ಅದರ ಅರ್ಥ. ಒಬ್ರಿಗಾದು ಎಂದರೆ ಋಣದಲ್ಲಿ ಕಟ್ಟುಬಿದ್ದಿದ್ದೇನೆ ಎಂದು. ನಮ್ಮ ಸಭೆಗಳ ವಂದನಾರ್ಪಣೆಯಲ್ಲಿ ಬರುವ ‘ಆಭಾರಿಯಾಗಿದ್ದೇನೆ’ಗೆ ಅದು ಹತ್ತಿರದ ನೆಂಟ.

ಮಾವಿನ ಕಾಲ ಬಂದರೆ ಈ ವ್ಯವಹಾರ ಇನ್ನೂ ಚೆಂದ. ನಮ್ಮ ಧಾರವಾಡದವರು ಎದೆಯುಬ್ಬಿಸಿ ಹೇಳುವ ಆಪೂಸ್, ಅಫೊನ್ಸು ದೆ ಅಲ್ಬುಕರ್ಕನ ಹೆಸರು ಹೊತ್ತದ್ದು. ಗೋವೆಯವರು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅವರಿಗೆ ಮಾನಕುರಾದ್ ಮುಂದೆ ಎಲ್ಲವೂ ಸಪ್ಪೆ. ಮಾನಕುರಾದ್ ಎಂದರೆ ಮಾಲ್ ಕೊರಾದು, ಬಣ್ಣ ನೆಟ್ಟಗೆ ಬಾರದ್ದು! ಸಿಪ್ಪೆ ನೋಡಿ ಹೆಸರಿಟ್ಟವನಿಗೆ ನಾಲಿಗೆ ಇರಲಿಲ್ಲವೋ ಏನೋ. ತಳಿಗಳ ಹೆಸರು ಪೋರ್ಚುಗೀಸರದಾದರೂ ಹಣ್ಣಿನ ಹೆಸರು ನಮ್ಮ ಕಡೆಯದು: ಮಲಯಾಳದ ಮಾಂಙ ಅವರ ಬಾಯಲ್ಲಿ ಮಾಂಗ ಆಗಿ ಯುರೋಪಿಗೆ ಹೋಯಿತು.

ಗೋವೆಯಿಂದ ಹಿಂದೆ ಆಫ್ರಿಕಾಕ್ಕೆ ದುಡಿಯಲು ಹೋದವರು ಬಹಳ. ನೈರೋಬಿಯಲ್ಲಿ ಕೆಲಸ ಮಾಡಿ ಮರಳಿದ ನೆರೆಮನೆಯ ಅಂಕಲ್, ನಾನು ಸ್ಕೂಟರ್ ಹೊರತೆಗೆಯುವ ಭರಾಟೆ ನೋಡಿ ಗೇಟಿನಿಂದಲೇ ಹೇಳುತ್ತಾರೆ: “ಹರಾಕಾ ಹರಾಕಾ ಹೈನಾ ಬರಾಕಾ.” ಸ್ವಾಹಿಲಿ ಗಾದೆ. ಅವಸರಕ್ಕೆ ಬರಕತ್ತಿಲ್ಲ ಎಂದು. ಬರಾಕಾ ನಮ್ಮ ಬರಕತ್ತೇ ಎಂದು ಗುರುತಿಸುವುದು ಸುಲಭ, ಎರಡೂ ಅರಬ್ಬಿಯ ಮಕ್ಕಳು. ಹರಾಕಾ ಎಲ್ಲೋ ಕೇಳಿದಂತಿದೆಯಲ್ಲ ಎಂದು ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: “ನನ್ನದೇನೂ ಹರಕತ್ತಿಲ್ಲ” ಎನ್ನುತ್ತೇವಲ್ಲ, ಅದೇ ಹರಕತ್ತು! ಅರಬ್ಬಿಯಲ್ಲಿ ಚಲನೆ ಎಂಬ ಅರ್ಥದ ಪದ ಆಫ್ರಿಕಾದ ಕರಾವಳಿಗೆ ಹೋಗಿ ಅವಸರವಾಯಿತು, ಹಿಂದಿಗೆ ಹೋಗಿ ಕಿತಾಪತಿಯಾಯಿತು, ಮರಾಠಿಯಲ್ಲೂ ನಮ್ಮಲ್ಲೂ ಆಕ್ಷೇಪಣೆಯಾಯಿತು. ಇಷ್ಟು ತಿರುಗಾಡಿದ ಪದ ಎದುರು ಸಿಕ್ಕಾಗ ಆಗುವ ಸಂತೋಷವನ್ನು ಯಾವ ತ್ಸುಂದೊಕುವೂ ನನಗೆ ಕೊಟ್ಟಿಲ್ಲ.

ಸ್ವಾಹಿಲಿಯದೇ ಇನ್ನೊಂದು: ಆನೆಗಳು ಕಾದಾಡಿದರೆ ನೋಯುವುದು ಹುಲ್ಲು. ಕೋಣಗಳೆರಡುಂ ಹೋರೆ ಗಿಡುವಿಂಗೆ ಮಿತ್ತು ಎಂಬ ನಮ್ಮ ಹಳಗನ್ನಡದ ಮಾತು ಗೊತ್ತಿದ್ದವರಿಗೆ ವಿವರಣೆ ಬೇಡ. ಗಾದೆಗಳಲ್ಲಿ ನನಗೆ ರುಚಿಸುವುದು ಇದೇ: ಬುದ್ಧಿ ಒಂದೇ, ಪ್ರಾಣಿ ಬೇರೆ. ಆಂಟಿಯ ಪೋರ್ಚುಗೀಸ್ ಗಾದೆಯಲ್ಲಿ ಕಾಳು ಕಾಳು ಹೆಕ್ಕಿ ಕೋಳಿ ಗಂಟಲ ಚೀಲ ತುಂಬಿಸಿಕೊಳ್ಳುತ್ತದೆ; ನಮ್ಮಲ್ಲಿ ತೆನೆ ತೆನೆ ಗೂಡಿ ಬಳ್ಳವಾಗುತ್ತದೆ. ದಾನದ ಕುದುರೆಯ ಹಲ್ಲು ನೋಡಬೇಡ ಎಂದು ಯುರೋಪಿನ ಅರ್ಧ ಜನ ಹೇಳುತ್ತಾರೆ. ನಾವು ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎನ್ನುತ್ತೇವೆ. ಪಕ್ಷಪಾತ ಎನ್ನಿ, ಇಲ್ಲಿ ನಾವೇ ಗೆದ್ದೆವು. ಹಲ್ಲು ನೋಡುವವನು ಎದುರಿಗೇ ನೋಡುತ್ತಾನೆ. ಹಿತ್ತಲಿಗೆ ಹೋಗಿ ಗುಟ್ಟಾಗಿ ಅಳೆಯುವುದರಲ್ಲಿರುವ ಸಣ್ಣತನಕ್ಕೆ ಸಾಟಿಯಿಲ್ಲ.

ಆದರೆ ನನ್ನ ಪಟ್ಟದರಸಿ ಚೀನೀ ಮಾತೊಂದು. ದುಯ್ ನ್ಯೂ ಥಾನ್ ಚಿನ್. ಎತ್ತಿನ ಮುಂದೆ ತಂತಿವಾದ್ಯ ನುಡಿಸುವುದು. ಥೇಟ್ ನಮ್ಮ ಕೋಣನ ಮುಂದೆ ಕಿನ್ನರಿ! ಮೊದಲು ಕೇಳಿದಾಗ ಇಷ್ಟೇ ಎಂದುಕೊಂಡಿದ್ದೆ. ಅದರ ಹಿಂದಿನ ಕಥೆ ಓದಿದ ಮೇಲೆ ನಮ್ಮ ಗಾದೆಯ ಬಗ್ಗೆಯೇ ಅನುಮಾನ ಹುಟ್ಟಿತು. ಗೊಂಗ್‌ಮಿಂಗ್ ಯಿ ಎಂಬ ಸಂಗೀತಗಾರ ಎತ್ತಿನ ಮುಂದೆ ಶಾಸ್ತ್ರೀಯವಾದ ರಾಗವೊಂದನ್ನು ನುಡಿಸಿದ. ಅದು ತಲೆಯೆತ್ತದೆ ಮೇಯುತ್ತಲೇ ಇತ್ತು. ನಮ್ಮ ಗಾದೆ ಇಲ್ಲಿಗೆ ನಿಲ್ಲುತ್ತದೆ, ತಪ್ಪೆಲ್ಲ ಕೋಣನದು. ಚೀನೀ ಕಥೆ ನಿಲ್ಲುವುದಿಲ್ಲ. ಎತ್ತಿಗೆ ಕೇಳಿಸಲಿಲ್ಲವೆಂದಲ್ಲ, ಅದರ ಕಿವಿಗೆ ಒಗ್ಗಲಿಲ್ಲ ಅಷ್ಟೇ ಎನ್ನುತ್ತದೆ. ಆಮೇಲೆ ಆತ ಅದೇ ತಂತಿಯ ಮೇಲೆ ಸೊಳ್ಳೆ, ನೊಣಗಳ ಗುಂಯ್‌ಗುಡುವಿಕೆಯನ್ನೂ ತಾಯಿ ತಪ್ಪಿದ ಕರುವಿನ ಕೂಗನ್ನೂ ನುಡಿಸಿದ. ಎತ್ತು ಬಾಲ ಬೀಸಿತು, ಕಿವಿ ನಿಮಿರಿಸಿತು, ಹೆಜ್ಜೆ ಹಾಕುತ್ತ ಕೇಳಿತು. ಈ ಕಥೆ ಬರುವುದು ಹಳೆಯ ಬೌದ್ಧ ಗ್ರಂಥವೊಂದರಲ್ಲಿ. ಬುದ್ಧನ ವಿಚಾರ ಹೇಳುವಾಗ ಬೌದ್ಧ ಸೂತ್ರಗಳನ್ನು ಬಿಟ್ಟು ಕನ್ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನು ಏಕೆ ಎತ್ತಿ ಹೇಳುತ್ತೀರಿ ಎಂದು ಕೇಳಿದವರಿಗೆ, ನಿಮಗೆ ಗೊತ್ತಿರುವುದು ಅವೇ ಎಂದು ತಿಳಿಸಲು ಹೇಳಿದ ಕಥೆ.

ಇದನ್ನು ನಮ್ಮ ಕನ್ನಡ ಸಂಘಗಳ ವೇದಿಕೆಯ ಹಿಂದೆ ದೊಡ್ಡಕ್ಷರದಲ್ಲಿ ಬರೆಸಬೇಕೆಂದು ನನ್ನ ಆಸೆ. ಪ್ರತಿ ರಾಜ್ಯೋತ್ಸವದಲ್ಲೂ ಒಬ್ಬರು ಬಂದು ಎರಡು ಸಾವಿರ ವರ್ಷಗಳ ಇತಿಹಾಸವನ್ನು ಗಂಟೆಗಟ್ಟಲೆ ಹೇಳುತ್ತಾರೆ. ಇಲ್ಲೇ ಹುಟ್ಟಿದ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್ ಆಡುವ ಮಕ್ಕಳು ಹಿಂದಿನ ಸಾಲಿನಲ್ಲಿ ಮೊಬೈಲ್ ತೀಡುತ್ತಿರುತ್ತಾರೆ. ಕೆಳಗಿಳಿದ ಭಾಷಣಕಾರರು, ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದು ನಿಟ್ಟುಸಿರಿಡುತ್ತಾರೆ. ಮಕ್ಕಳನ್ನು ಕೋಣ ಎಂದದ್ದಕ್ಕೆ ಚಪ್ಪಾಳೆ ಬೇರೆ.

ಒಂದು ವರ್ಷ ಮಾತ್ರ, ಬರಬೇಕಾದ ಅತಿಥಿ ಕೈಕೊಟ್ಟಾಗ ಸಭೆಯಲ್ಲಿದ್ದ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರನ್ನು ಮೈಕಿನ ಮುಂದೆ ನಿಲ್ಲಿಸಿದ್ದೆವು. ಅವರು ಮಳೆಗಾಲದ ರಾತ್ರಿ ಕ್ಯಾಸಲ್‌ರಾಕ್‌ನಿಂದ ಕುಳೆಗೆ ಗಾಡಿ ಇಳಿಸುವ ಕಥೆ ಹೇಳಿದರು. ಮೂವತ್ತೇಳು ಅಡಿಗೆ ಒಂದು ಅಡಿ ಇಳಿಯುವ ಘಾಟಿ, ಮೇಲೇರುವ ಗಾಡಿಯನ್ನು ಹಿಂದಿನಿಂದ ತಳ್ಳುವ ಎಂಜಿನ್‌ಗಳು, ಹಳಿಯ ಮೇಲೆ ಕುಸಿದ ಮಣ್ಣು, ಕತ್ತಲಲ್ಲಿ ದೂಧಸಾಗರದ ಸದ್ದು. ಎಲ್ಲ ಶುದ್ಧ ಹುಬ್ಬಳ್ಳಿ ಕನ್ನಡದಲ್ಲಿ. ರಜೆಗೆ ಅದೇ ಗಾಡಿಯಲ್ಲಿ ಅಜ್ಜಿಯ ಊರಿಗೆ ಹೋಗುವ ಮಕ್ಕಳು ಮೊಬೈಲ್ ಕೆಳಗಿಟ್ಟು, “ಆಮೇಲೆ ಏನಾಯಿತು ಅಜ್ಜಾ?” ಎಂದು ಕೇಳಿದರು. ಮರುವರ್ಷ ಮತ್ತೆ ಎರಡು ಸಾವಿರ ವರ್ಷಗಳ ಇತಿಹಾಸ. ಈ ಸಲದ ಆಮಂತ್ರಣ ಪತ್ರಿಕೆ ಇನ್ನೂ ಅಚ್ಚಾಗಿಲ್ಲವಾದರೆ, ಸಮಿತಿಯವರು ಇದನ್ನು ಓದುತ್ತಿದ್ದರೆ, ಆ ಗಾರ್ಡ್ ಅಜ್ಜ ಈಗಲೂ ವಾಸ್ಕೋದಲ್ಲೇ ಇದ್ದಾರೆ.